ಹಾಡುಗಾರನ ಪಕ್ಕದ ಕುರ್ಚಿ

ಪ್ರಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಇಪ್ಪತ್ತು ವರ್ಷದಿಂದ ಮೃದಂಗ ನುಡಿಸುತ್ತಿದ್ದೇನೆ, ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಇವತ್ತಿಗೂ ಸಣ್ಣ ಅಕ್ಷರದಲ್ಲೇ ಬರುತ್ತದೆ ಅಂದೆ ನೀನು. ಆಗ ಏನು ಹೇಳಬೇಕೋ ತೋಚಲಿಲ್ಲ. ಫೋನ್ ಇಟ್ಟ ಮೇಲೆ ಪಾಕೊ ದೆ ಲುಸಿಯಾ ನೆನಪಾದ. ಅವನ ಗಿಟಾರ್ ನಿನಗೆ ಒಂದೆರಡು ಸಲ ಕೇಳಿಸಿದ್ದೆ, ಅವನ ಕಥೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಪತ್ರ ಉದ್ದವಾದರೂ ಓದು ಮಾರಾಯ.

ಅವನು ಹುಟ್ಟಿದ್ದು 1947ರ ಡಿಸೆಂಬರ್ 21ರಂದು, ಸ್ಪೇನಿನ ದಕ್ಷಿಣ ತುದಿಯ ಅಲ್ಹೆಸಿರಾಸ್ ಎಂಬ ಬಂದರಿನಲ್ಲಿ. ಆಚೆ ದಡದಲ್ಲಿ ಆಫ್ರಿಕಾ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮೆಡಿಟರೇನಿಯನ್. ಪಾಕೊ ಅನ್ನುವುದು ಫ್ರಾನ್ಸಿಸ್ಕೊ ಎಂಬ ಹೆಸರಿನ ಮುದ್ದಿನ ರೂಪ. ಆ ಬೀದಿಯಲ್ಲಿ ಪಾಕೊಗಳು ಬೇಕಾದಷ್ಟಿದ್ದರು. ಹಾಗಾಗಿ ತಾಯಿಯ ಹೆಸರು ಸೇರಿಸಿ ‘ಲುಸಿಯಾಳ ಪಾಕೊ’ ಎಂದು ಕರೆಯುತ್ತಿದ್ದರು. ನಮ್ಮೂರಲ್ಲೂ ಒಂದೇ ಬೀದಿಯಲ್ಲಿ ನಾಲ್ಕು ಜನ ಮಂಜುನಾಥರಿದ್ದರೆ ಹೀಗೇ ಅಲ್ವಾ? ಮುಂದೆ ಜಗತ್ತೆಲ್ಲ ಅವನನ್ನು ಗುರುತಿಸಿದ್ದು ಆ ತಾಯಿಯ ಹೆಸರಿನಿಂದಲೇ. ಆಕೆ ಪೋರ್ಚುಗಲ್ಲಿನವರು.

ಅಪ್ಪನೂ ಗಿಟಾರ್ ನುಡಿಸುತ್ತಿದ್ದರು. ಹಗಲು ಸಣ್ಣಪುಟ್ಟ ವ್ಯಾಪಾರ, ರಾತ್ರಿ ಹಣವಂತರ ಮೋಜಿನ ಕೂಟಗಳಲ್ಲಿ ಗಿಟಾರ್. ಬೆಳಗಿನ ಜಾವ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಬಡತನ. ಓದು ಬರಹ, ಲೆಕ್ಕ ಬಂದ ಮೇಲೆ ಹುಡುಗನನ್ನು ಶಾಲೆ ಬಿಡಿಸಿ ಗಿಟಾರ್ ಮುಂದೆ ಕೂರಿಸಿದರು. ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ. ಆ ಕಟ್ಟುನಿಟ್ಟಿನ ಬಗ್ಗೆ ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಆ ಮನೆಯಲ್ಲಿ ಗಿಟಾರ್ ಅಂದರೆ ಅನ್ನ. ಅಣ್ಣ ರಮೋನ್ ಗಿಟಾರಿಗೆ, ಇನ್ನೊಬ್ಬ ಅಣ್ಣ ಪೆಪೆ ಹಾಡಿಗೆ. ಚಿಕ್ಕ ಹುಡುಗರಾಗಿದ್ದಾಗಲೇ ಪೆಪೆ ಹಾಡುತ್ತಿದ್ದ, ಪಾಕೊ ಪಕ್ಕದಲ್ಲಿ ಕೂತು ನುಡಿಸುತ್ತಿದ್ದ.

ಆ ‘ಪಕ್ಕದಲ್ಲಿ ಕೂತು’ ಅನ್ನುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಅವನದು ಫ್ಲಮೆಂಕೊ, ದಕ್ಷಿಣ ಸ್ಪೇನಿನ ಹಾಡು, ಗಿಟಾರ್, ಕುಣಿತ ಸೇರಿದ ಸಂಗೀತ. ಅದರಲ್ಲಿ ಮೊದಲ ಜಾಗ ಹಾಡಿಗೆ. ಗಿಟಾರ್ ನುಡಿಸುವವನು ಒಂದು ಸಾದಾ ಕುರ್ಚಿಯಲ್ಲಿ ಕೂತು ಹಾಡುಗಾರನ ಬಾಯನ್ನೇ ನೋಡುತ್ತಿರಬೇಕು. ಅವನು ಎಲ್ಲಿ ಉಸಿರು ತೆಗೆಯುತ್ತಾನೆ, ಎಲ್ಲಿ ಸಾಲನ್ನು ಎಳೆಯುತ್ತಾನೆ, ಎಲ್ಲಿ ಇಳಿಯುತ್ತಾನೆ ಎಂದು ಮೊದಲೇ ಗೊತ್ತಾಗಬೇಕು. ಈ ಕೆಲಸ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವರ ತಾಳದ ವಿಷಯ ನಿನಗೆ ಇಷ್ಟವಾಗುತ್ತದೆ. ಅದಕ್ಕೆ ‘ಕೊಂಪಾಸ್’ ಅನ್ನುತ್ತಾರೆ. ಸೊಲೆಯಾ ಎಂಬ ಪ್ರಕಾರದಲ್ಲಿ ಒಂದು ಆವರ್ತಕ್ಕೆ 12 ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ಪ್ರತಿ ಗುಂಪಿನ ಕೊನೆಯ ಎಣಿಕೆಗೆ ಒತ್ತು. ತೊಡೆಯ ಮೇಲೆ ಒಮ್ಮೆ ಹಾಕಿ ನೋಡು, ಮೊದಲು ಎಡವುತ್ತೀಯ, ಆಮೇಲೆ ಬಿಡುವುದೇ ಇಲ್ಲ. ಅದನ್ನೇ ಜೋರು ವೇಗದಲ್ಲಿ ಹಿಡಿದರೆ ಬುಲೆರಿಯಾ ಎಂಬ ಇನ್ನೊಂದು ಪ್ರಕಾರದ ಹತ್ತಿರ ಬರುತ್ತದೆ. ಸುತ್ತ ಕೂತವರು ಚಪ್ಪಾಳೆಯಲ್ಲೇ ಅದನ್ನು ಹಿಡಿದಿಡುತ್ತಾರೆ. ಗಿಟಾರ್ ನುಡಿಸುವವನು ತಂತಿಯ ಜೊತೆಗೆ ಮರದ ಮೇಲೂ ಉಗುರಿನಿಂದ ಕುಟ್ಟುತ್ತಾನೆ.

ಹದಿಹರೆಯದಲ್ಲೇ ಪಾಕೊ ಒಂದು ನೃತ್ಯ ತಂಡದ ಜೊತೆ ಅಮೆರಿಕಕ್ಕೆ ಹೋದ. ಆಗ ಅವನಿಗೆ ನಿನ್ಯೊ ರಿಕಾರ್ಡೊ ಎಂಬ ಹಿರಿಯರೇ ದೇವರು, ಅವರ ಬಾಣಿಯನ್ನೇ ನುಡಿಸುತ್ತಿದ್ದ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಸಬೀಕಾಸ್ ಎಂಬ ಇನ್ನೊಬ್ಬ ದೊಡ್ಡ ಗಿಟಾರ್‌ಗಾರರು ಕೇಳಿ, ನಿನ್ನದೇ ಸಂಗೀತ ಮಾಡು ಎಂದು ಬುದ್ಧಿ ಹೇಳಿದರು. ಆ ಮಾತು ಅವನಿಗೆ ತಾಗಿತು.

ಆಮೇಲೆ ಕಮರೋನ್ ಸಿಕ್ಕ. ಈ ಭಾಗ ಬರೆಯುವಾಗ ನನ್ನ ಕೈ ತಾನಾಗೇ ನಿಧಾನವಾಗುತ್ತದೆ. ಕಮರೋನ್ ದೆ ಲಾ ಇಸ್ಲಾ, ಜಿಪ್ಸಿ ಕುಟುಂಬದ ಹುಡುಗ, ಪಾಕೊಗಿಂತ ಮೂರು ವರ್ಷ ಚಿಕ್ಕವನು. ಕಮರೋನ್ ಅಂದರೆ ಸೀಗಡಿ. ಸಣಕಲು, ಬಿಳಿ ಮೈಬಣ್ಣ ಅಂತ ಮನೆಯವರು ಇಟ್ಟ ಅಡ್ಡಹೆಸರು. ಅವನ ದನಿಯಲ್ಲಿ ಬಿರುಕಿತ್ತು. ಆ ಬಿರುಕಿನಿಂದಲೇ ಹಾಡು ಬರುತ್ತಿತ್ತು. 1969ರಿಂದ 1977ರವರೆಗೆ ಇಬ್ಬರೂ ಸೇರಿ ವರ್ಷಕ್ಕೊಂದರಂತೆ ಒಂಬತ್ತು ಆಲ್ಬಂ ಮಾಡಿದರು. ಅವನ್ನು ಕೇಳುವಾಗ ಹಾಡನ್ನು ಬಿಟ್ಟು ಗಿಟಾರನ್ನು ಮಾತ್ರ ಗಮನಿಸು. ಎಷ್ಟೋ ಕಡೆ ಪಾಕೊ ಸುಮ್ನೆ ಇರುತ್ತಾನೆ. ಕಮರೋನ್ ಒಂದು ಸಾಲು ಮುಗಿಸಿ ಉಸಿರು ತೆಗೆಯುವ ಆ ಚೂರು ಜಾಗದಲ್ಲಿ ನಾಲ್ಕು ಸ್ವರ ಇಟ್ಟು ಮತ್ತೆ ಹಿಂದೆ ಸರಿಯುತ್ತಾನೆ. ಅಷ್ಟು ವೇಗದ ಬೆರಳು ಇಟ್ಟುಕೊಂಡವನು ಅಷ್ಟು ಸುಮ್ಮನಿರುವುದು ನನಗೆ ಅವನ ಎಲ್ಲ ವೇಗಕ್ಕಿಂತ ದೊಡ್ಡದು.

ಹೆಸರು ಬಂದದ್ದು ಬೇರೆ ದಾರಿಯಿಂದ. 1973ರ ಒಂದು ಆಲ್ಬಂನಲ್ಲಿ ‘ಎಂತ್ರೆ ದೋಸ್ ಆಗ್ವಾಸ್’ ಎಂಬ, ರುಂಬಾ ಧಾಟಿಯ ಗಿಟಾರ್ ಕೃತಿ ಇತ್ತು. ಎರಡು ನೀರುಗಳ ನಡುವೆ ಎಂದು ಅರ್ಥ, ಅವನ ಊರಿನ ಹಾಗೆ. ಹೆಚ್ಚಿನದು ಸ್ಟುಡಿಯೊದಲ್ಲೇ ಹುಟ್ಟಿದ್ದು. ಅದು ಸ್ಪೇನಿನ ಮನೆಮನೆಗೂ ಹೋಯಿತು. 1975ರಲ್ಲಿ ಮ್ಯಾಡ್ರಿಡ್ಡಿನ ತೆಆತ್ರೊ ರಿಯಾಲ್‌ನಲ್ಲಿ ಅವನ ಕಚೇರಿ ನಡೆಯಿತು. ಅಪ್ಪ ಕುಡಿದವರ ಮುಂದೆ ರಾತ್ರಿಯಿಡೀ ನುಡಿಸುತ್ತಿದ್ದ ಅದೇ ವಾದ್ಯ, ಈಗ ಎಲ್ಲರೂ ಉಸಿರು ಬಿಗಿಹಿಡಿದು ಕೇಳುವ ಸಭಾಂಗಣದಲ್ಲಿ.

ಅಲ್ಲಿಂದ ಮುಂದೆ ಹೊರಗಿನವರ ಸಹವಾಸ. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್ ಗೊತ್ತಲ್ಲ, ‘ಶಕ್ತಿ’ ತಂಡದಲ್ಲಿ ಎಲ್. ಶಂಕರ್, ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ನುಡಿಸಿದವರು. ಅವರು ಮತ್ತು ಇನ್ನೊಬ್ಬ ಗಿಟಾರ್‌ಗಾರ ಅಲ್ ಡಿ ಮಿಯೋಲ ಜೊತೆ 1980ರ ಡಿಸೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೂವರ ಕಚೇರಿ. ಆ ಧ್ವನಿಮುದ್ರಣ ಇವತ್ತಿಗೂ ಗಿಟಾರ್ ಕಲಿಯುವ ಹುಡುಗರ ಫೋನಿನಲ್ಲಿ ಇದ್ದೇ ಇರುತ್ತದೆ. ಕೇಳುವವರಿಗೆ ಪಾಕೊ ಹುಲಿ. ಅವನಿಗೋ ಒಳಗೆ ಭಯ. ಸಂಗೀತಶಾಸ್ತ್ರ ಓದಿದವನಲ್ಲ, ಅವರಿಬ್ಬರಿಂದ ತಾನೇ ಕಲಿಯುತ್ತಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. 1991ರಲ್ಲಿ ಸ್ಪೇನಿನ ಸಂಗೀತ ರಚನಕಾರ ರೊದ್ರೀಗೊ ಅವರ ‘ಕೊನ್ಸಿಯೆರ್ತೊ ದೆ ಅರಾನ್ಹ್ವೆಸ್’ ಎಂಬ ಗಿಟಾರ್ ಕೃತಿಯನ್ನು ವಾದ್ಯವೃಂದದ ಜೊತೆ ನುಡಿಸಿದ. ಅಂಧರಾಗಿದ್ದ ಆ ಮುದುಕರು ಎದುರಿಗೇ ಕೂತು ಕೇಳಿದರು.

ನಿನಗೊಂದು ವಿಷಯ ಹೇಳಲೇಬೇಕು. 1970ರ ದಶಕದ ಕೊನೆಗೆ ಅವನು ಪೆರು ದೇಶಕ್ಕೆ ಹೋಗಿದ್ದಾಗ ಒಬ್ಬರು ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಡಿಯುತ್ತಿದ್ದರು. ಅದೇ ಕಹೋನ್, ಅಲ್ಲಿನ ಕರಿಯ ಜನರ ವಾದ್ಯ. ನಡುವೆ ಬಡಿದರೆ ಗಟ್ಟಿ, ಅಂಚಿನಲ್ಲಿ ಬಡಿದರೆ ತೆಳು. ನರ್ತಕರ ಹಿಮ್ಮಡಿಯ ಸದ್ದಿನ ಹಾಗೇ ಇದೆಯಲ್ಲ ಎನಿಸಿ ಅವನು ಅದನ್ನು ಜೊತೆಗೆ ತಂದ. ಅವನ ತಂಡದಲ್ಲಿದ್ದ ಬ್ರೆಜಿಲ್ಲಿನ ರೂಬೆಂ ದಾಂತಾಸ್ ನುಡಿಸಿದರು. ಇವತ್ತು ಕಹೋನ್ ಇಲ್ಲದ ಫ್ಲಮೆಂಕೊ ತಂಡ ಸಿಗುವುದೇ ಅಪರೂಪ. ನೋಡು, ಅಷ್ಟು ದೊಡ್ಡ ಹೆಸರು ಮಾಡಿದವನ ಕಿವಿ ಒಂದು ಪಕ್ಕವಾದ್ಯದ ಮೇಲೆ ಇತ್ತು.

1992ರ ಜುಲೈನಲ್ಲಿ ಕಮರೋನ್ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಬರೀ 41 ವರ್ಷ. ಅದೇ ವರ್ಷ ಬಂದ ಕೊನೆಯ ಆಲ್ಬಂನಲ್ಲೂ ಪಾಕೊ ಜೊತೆಗಿದ್ದ. ಆ ಸಾವಿನಿಂದ ಅವನು ಬಹಳ ಕಾಲ ಕುಗ್ಗಿಹೋಗಿದ್ದ. ಸ್ಪೇನ್ ಅವನಿಗೆ 2004ರಲ್ಲಿ ಪ್ರಿನ್ಸ್ ಆಫ್ ಆಸ್ಟುರಿಯಾಸ್ ಪ್ರಶಸ್ತಿ ಕೊಟ್ಟಿತು, 2010ರಲ್ಲಿ ಬರ್ಕ್ಲಿ ಸಂಗೀತ ಕಾಲೇಜು ಗೌರವ ಡಾಕ್ಟರೇಟ್ ಕೊಟ್ಟಿತು. 2014ರ ಫೆಬ್ರವರಿ 25ರಂದು ಮೆಕ್ಸಿಕೊದಲ್ಲಿ ಹೃದಯಾಘಾತವಾಯಿತು. ವಯಸ್ಸು 66. ಮಣ್ಣು ಮಾಡಿದ್ದು ಅಲ್ಹೆಸಿರಾಸಿನಲ್ಲೇ.

ಒಂದು ಮಾತು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಪಾಕೊಗೆ ನಿಜವಾಗಿ ಹಾಡುಗಾರನಾಗುವ ಆಸೆ ಇತ್ತು. ನಾಚಿಕೆ ಸ್ವಭಾವ, ಬಾಯಿ ಬಿಡಲು ಆಗಲಿಲ್ಲ, ಗಿಟಾರಿನ ಹಿಂದೆ ಅವಿತುಕೊಂಡೆ ಎಂದು ಅವನೇ ಹೇಳುತ್ತಿದ್ದ. ಅದನ್ನು ಓದಿದ ದಿನ ನಾನು ಅವನ ಹಳೆಯ ಆಲ್ಬಂಗಳನ್ನೆಲ್ಲ ಇನ್ನೊಮ್ಮೆ ಕೇಳಿದೆ. ಪಕ್ಕದ ಕುರ್ಚಿಯಲ್ಲಿ ಕೂತು ಅವನು ನೋಡುತ್ತಿದ್ದದ್ದು ತನಗೆ ಬೇಕಾಗಿದ್ದ ದನಿಯನ್ನೇ. ಅದಕ್ಕೇ ಆ ಗಿಟಾರ್ ಅಷ್ಟು ಹಾಡುತ್ತದೆ ಎಂದು ನಾನು ನಂಬಿದ್ದೇನೆ.

1998ರಲ್ಲಿ ತಾಯಿಯ ಹೆಸರಿನಲ್ಲೇ ‘ಲುಸಿಯಾ’ ಎಂಬ ಆಲ್ಬಂ ತಂದ. ಆಕೆ ಆಗಷ್ಟೇ ತೀರಿಕೊಂಡಿದ್ದರು. ಅದರಲ್ಲಿ ‘ಕಮರೋನ್’ ಎಂಬ ಒಂದು ಹಾಡಿದೆ. ಸ್ನೇಹಿತ ಹೋಗಿ ಆರು ವರ್ಷವಾಗಿತ್ತು, ಪಾಕೊಗೆ ಐವತ್ತು. ಆ ಹಾಡಿನಲ್ಲಿ ಅವನೇ ಬಾಯಿ ಬಿಟ್ಟು ಹಾಡಿದ್ದಾನೆ. ದೊಡ್ಡ ದನಿಯಲ್ಲ, ಸ್ವಲ್ಪ ಒಡೆದಿದೆ. ಪಕ್ಕದಲ್ಲಿ ಅವನದೇ ಗಿಟಾರ್.

ಇವತ್ತು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಅದನ್ನು ಕೇಳು. ಕೇಳಿದ ಮೇಲೆ ಎಷ್ಟೇ ಹೊತ್ತಾಗಿದ್ದರೂ ಫೋನ್ ಮಾಡು, ಎದ್ದಿರುತ್ತೇನೆ.

ನಿನ್ನ ಗೆಳೆಯ