ಬೇರೆಯವರ ಲೇಬಲ್ ಹೊಲಿದ ಕ್ಲೌಸ್ ಸ್ಟೈಲ್‌ಮನ್

ಪ್ರೀತಿಯ ಗೆಳೆಯಾ,

ಕೆಲಸ ಬಿಟ್ಟು ಪೀಣ್ಯದಲ್ಲಿ ಸ್ವಂತ ಗಾರ್ಮೆಂಟ್ಸ್ ಯೂನಿಟ್ ಹಾಕುತ್ತೇನೆ ಎಂದು ಬರೆದಿದ್ದೀಯ. ಓದಿ ನಿಜಕ್ಕೂ ಖುಷಿಯಾಯಿತು ಕಣೋ. ಆದರೆ ಅದರ ಬೆನ್ನಿಗೇ, ಬೈಯರ್ ಒಬ್ಬನೇ, ಆರ್ಡರ್ ಎಲ್ಲ ಅವನದೇ ಎಂದೂ ಬರೆದಿದ್ದೀಯಲ್ಲ, ಅಲ್ಲಿ ನನ್ನ ಮನಸ್ಸು ಅಳುಕಿತು. ಅದಕ್ಕೇ ಜರ್ಮನಿಯ ಒಬ್ಬ ಬಟ್ಟೆ ತಯಾರಕರ ವಿಷಯ ನಿನಗೆ ಹೇಳಬೇಕು ಅನಿಸಿತು. ಹೆಸರು ಕ್ಲೌಸ್ ಸ್ಟೈಲ್‌ಮನ್. ಇಷ್ಟು ವರ್ಷ ಈ ಲೈನಿನಲ್ಲಿದ್ದೂ ನೀನು ಈ ಹೆಸರು ಕೇಳಿರಲಾರೆ.

ಅವರು ಹುಟ್ಟಿದ್ದು 1929ರಲ್ಲಿ, ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬಲ್ಲಿ. ಯುದ್ಧ ಮುಗಿದಾಗ ಇನ್ನೂ ಹದಿನಾರು ತುಂಬದ ಹುಡುಗ. ಆ ಊರು ರಷ್ಯನ್ನರ ಕೈಗೆ ಹೋಯಿತು. ಸ್ಟೈಲ್‌ಮನ್ ಬಾಳು ಕಟ್ಟಿಕೊಂಡದ್ದು ಪಶ್ಚಿಮ ಜರ್ಮನಿಯಲ್ಲಿ. 1958ರಲ್ಲಿ ವಾಟನ್‌ಶೈಡ್‌ನಲ್ಲಿ ಹೆಂಗಸರ ಉಡುಪು ತಯಾರಿಸುವ ಕಂಪನಿ ಶುರುಮಾಡಿದರು.

ಈ ವಾಟನ್‌ಶೈಡ್ ರೂರ್ ಪ್ರದೇಶದ ಕಲ್ಲಿದ್ದಲಿನ ಊರು. 1958ನೇ ಇಸವಿ ಅಲ್ಲಿನವರಿಗೆ ಬೇರೆ ಕಾರಣಕ್ಕೆ ನೆನಪು. ಅಗ್ಗದ ಎಣ್ಣೆ ಬಂತು, ಹೊರಗಿನ ಅಗ್ಗದ ಕಲ್ಲಿದ್ದಲು ಬಂತು, ಮಾರಾಟವಾಗದ ಕಲ್ಲಿದ್ದಲು ಗಣಿಗಳ ಪಕ್ಕ ಗುಡ್ಡೆ ಬಿತ್ತು. ಅಲ್ಲಿಂದ ಮುಂದೆ ಒಂದೊಂದೇ ಗಣಿ ಮುಚ್ಚುತ್ತಾ ಹೋಯಿತು. ಗಣಿ ಅಂದರೆ ಗಂಡಸರ ದುಡಿಮೆ. ಆ ಮನೆಗಳ ಹೆಂಗಸರಿಗೆ ಊರಲ್ಲಿ ಕೆಲಸವೇ ಕಡಿಮೆ. ಯುದ್ಧದ ನಂತರ ಪೂರ್ವದಿಂದ ಓಡಿಬಂದ ಎಷ್ಟೋ ಬಟ್ಟೆ ತಯಾರಕರು ಇಲ್ಲೂ, ಪಕ್ಕದ ಗೆಲ್ಸನ್‌ಕಿರ್ಷನ್‌ನಲ್ಲೂ ಮೆಷಿನ್ ಹಾಕಿದ್ದು ಇದೇ ಕಾರಣಕ್ಕೆ. ಗಂಡನ ಗಣಿ ಮುಚ್ಚುವ ಕಾಲಕ್ಕೆ ಹೆಂಡತಿಗೆ ಹೊಲಿಗೆಯ ಸಂಬಳ ಬರುವುದು ಆ ಮನೆಗೆ ಎಷ್ಟು ದೊಡ್ಡ ಆಸರೆ ಅನ್ನುವುದನ್ನು ನಿನಗೆ ನಾನು ಹೇಳಬೇಕಿಲ್ಲ. ನಿನ್ನ ಲೈನಿನ ಹೆಣ್ಣುಮಕ್ಕಳನ್ನು ದಿನಾ ನೋಡುತ್ತೀಯ.

ಸ್ಟೈಲ್‌ಮನ್ ಅವರ ಯೋಚನೆ ಸರಳ. ಫ್ಯಾಷನ್ ಬೇಕಿರುವುದು ಕೋಟ್ಯಧಿಪತಿಗಳಿಗಲ್ಲ, ಕೋಟಿ ಜನಕ್ಕೆ. ಆಫೀಸಿಗೆ ಹೋಗುವವಳಿಗೂ ಅಂಗಡಿಯಲ್ಲಿ ನಿಂತು ಮಾರುವವಳಿಗೂ ಕೈಗೆಟುಕುವ ಬೆಲೆಯಲ್ಲಿ ಚೆನ್ನಾಗಿ ಹೊಲಿದ ಬಟ್ಟೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಇಲ್ಲಿ. 1980ರ ದಶಕದಲ್ಲಿ ಹೆಸರಾಂತ ಡಿಸೈನರ್ ಕಾರ್ಲ್ ಲಾಗರ್‌ಫೆಲ್ಡ್ ಅವರಿಂದಲೂ ಒಂದು ಕಲೆಕ್ಷನ್ ಮಾಡಿಸಿದರು. ದೊಡ್ಡ ಡಿಸೈನರ್‌ಗಳು ಮಾಮೂಲಿ ಅಂಗಡಿಗೆ ಬಟ್ಟೆ ಮಾಡಿಕೊಡುವುದು ಈಗ ಸಾಮಾನ್ಯ, ಆಗ ಅಲ್ಲ.

ಕಂಪನಿ ಬೆಳೆದು ಯೂರೋಪಿನ ಅತಿ ದೊಡ್ಡ ಉಡುಪು ತಯಾರಕರ ಸಾಲಿಗೆ ಸೇರಿತು. ಆದರೆ ಆ ಬಟ್ಟೆ ತೊಟ್ಟ ಬಹಳಷ್ಟು ಹೆಂಗಸರಿಗೆ ಅದು ಯಾರದು ಎಂದು ಗೊತ್ತೇ ಇರಲಿಲ್ಲ. ಕಾಲರ್ ಒಳಗೆ ಇದ್ದದ್ದು ಅಂಗಡಿಯ ಲೇಬಲ್. ಅವರ ಬಹುದೊಡ್ಡ ಗಿರಾಕಿ ಸಿ ಅಂಡ್ ಎ ಎಂಬ ಬಟ್ಟೆ ಅಂಗಡಿಗಳ ಸರಪಳಿ. ಅಷ್ಟು ದೊಡ್ಡ ಆರ್ಡರ್ ಇದ್ದದ್ದರಿಂದಲೇ ಅಷ್ಟು ಅಗ್ಗವಾಗಿ ಮಾಡಲು ಆಗುತ್ತಿತ್ತು, ನಿಜ. ಆದರೆ ಬೆಲೆ ಇಳಿಸುತ್ತಲೇ ಇರಬೇಕು ಎಂಬ ಒತ್ತಡವೂ ಅಲ್ಲಿಂದಲೇ ಬಂತು.

ಜರ್ಮನಿಯಲ್ಲಿ ಕೂಲಿ ಏರಿದಂತೆ ಹೊಲಿಗೆ ಹೊರಗೆ ಹೋಯಿತು. ಆಗ ಅಲ್ಲಿನ ಪದ್ಧತಿ ಹೀಗಿತ್ತು: ಬಟ್ಟೆಯನ್ನೋ ಕತ್ತರಿಸಿದ ತುಂಡುಗಳನ್ನೋ ಲಾರಿಯಲ್ಲಿ ಪೂರ್ವ ಯೂರೋಪಿಗೆ ಕಳಿಸುವುದು, ಹೊಲಿದ ಮೇಲೆ ವಾಪಸ್ ತರುವುದು. ಸುಂಕ ಬೀಳುತ್ತಿದ್ದುದು ಹೊರಗಿನ ಹೊಲಿಗೆಯಿಂದ ಸೇರಿದ ಬೆಲೆಗೆ ಮಾತ್ರ. ನಮ್ಮ ಜಾಬ್ ವರ್ಕೇ ಅಲ್ವಾ! ಸ್ಟೈಲ್‌ಮನ್ ರೊಮೇನಿಯಾದಲ್ಲಿ ದೊಡ್ಡ ಮಟ್ಟದಲ್ಲಿ ಹೊಲಿಸಿದರು. ಅಂದರೆ ವಾಟನ್‌ಶೈಡ್ ಹೆಂಗಸರಿಗೆ ಕೆಲಸ ಕೊಟ್ಟವರೇ ಅದನ್ನು ಬೇರೆ ದೇಶದ ಹೆಂಗಸರಿಗೆ ಕಳಿಸಬೇಕಾಯಿತು. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಕೆಲಸ ಕಳೆದುಕೊಂಡವರ ನೋವು ಅದರಿಂದ ಕಡಿಮೆಯೇನೂ ಆಗುವುದಿಲ್ಲ.

ಊರನ್ನು ಮಾತ್ರ ಅವರು ಬಿಡಲಿಲ್ಲ. 1975ರಲ್ಲಿ ವಾಟನ್‌ಶೈಡನ್ನು ಬೋಹುಮ್ ನಗರಕ್ಕೆ ಸೇರಿಸಿಬಿಟ್ಟರು. ಜನಕ್ಕೆ ಅದು ಬಹಳ ಬೇಸರದ ವಿಷಯ. ಊರಿನ ಹೆಸರು ಫುಟ್‌ಬಾಲ್ ಕ್ಲಬ್ಬಿನಲ್ಲಿ ಉಳಿಯಿತು, ಎಸ್‌ಜಿ ವಾಟನ್‌ಶೈಡ್ 09. ಆ ಕ್ಲಬ್ಬಿಗೆ ವರ್ಷಗಟ್ಟಲೆ ದುಡ್ಡು ಸುರಿದವರು, ಅಧ್ಯಕ್ಷರಾಗಿ ನಡೆಸಿದವರು ಸ್ಟೈಲ್‌ಮನ್. 1990ರಲ್ಲಿ ಅದು ಜರ್ಮನಿಯ ಅತ್ಯುನ್ನತ ಲೀಗ್ ಬುಂಡೆಸ್‌ಲೀಗಾಗೆ ಏರಿತು, ನಾಲ್ಕು ಸೀಸನ್ ಅಲ್ಲೇ ನಿಂತಿತು. ನೀನು ಇಷ್ಟಪಡುವ ಫುಟ್‌ಬಾಲ್ ಆಟಗಾರ ಲೆರಾಯ್ ಸಾನೆ ಇದ್ದಾನಲ್ಲ, ಅವನ ಅಪ್ಪ ಸುಲೇಮಾನ್ ಸಾನೆ ಆಗ ಆ ತಂಡದ ಸ್ಟ್ರೈಕರ್. ಸ್ಟೈಲ್‌ಮನ್ ಅವರ ಮಗಳು ಬ್ರಿಟಾ ಕ್ಲಬ್ಬಿನ ಮ್ಯಾನೇಜರ್ ಆದರು. ಗಂಡಸರೇ ತುಂಬಿದ್ದ ಆ ಲೋಕದಲ್ಲಿ ಅದು ದೊಡ್ಡ ಸುದ್ದಿ. ಪರಿಸರಕ್ಕೆ ಹಾನಿ ಕಡಿಮೆ ಮಾಡುವ ಬಟ್ಟೆಗಳನ್ನು ತೊಂಬತ್ತರ ದಶಕದಲ್ಲೇ ಮಾಡಿಸಲು ಹೊರಟವರೂ ಆಕೆಯೇ. ತಂದೆಗೂ ಆ ಕಾಳಜಿ ಇತ್ತು, ಭೂಮಿಯ ಸಂಪತ್ತಿನ ಮಿತಿಯ ಬಗ್ಗೆ ಎಚ್ಚರಿಸುವ ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಕೂಟದ ಸದಸ್ಯರಾಗಿದ್ದರು.

ಆಮೇಲೆ ಕಾಲ ಕೈಕೊಟ್ಟಿತು. ಜಾರಾ, ಎಚ್ ಅಂಡ್ ಎಮ್ ಥರದವರು ಡಿಸೈನಿಂದ ಅಂಗಡಿವರೆಗೆ ಎಲ್ಲವನ್ನೂ ತಮ್ಮ ಹಿಡಿತಕ್ಕೆ ತಂದುಕೊಂಡರು. ಉಳಿದ ಅಂಗಡಿಗಳೂ ಏಷ್ಯಾದ ಕಾರ್ಖಾನೆಗಳ ಜೊತೆ ನೇರ ಮಾತಿಗಿಳಿದವು. ನಮ್ಮಂಥ ದೇಶಗಳಿಂದ ಎಷ್ಟು ಬಟ್ಟೆ ಬರಬಹುದು ಎಂದು ಶ್ರೀಮಂತ ದೇಶಗಳು 1974ರಿಂದ ಹಾಕಿದ್ದ ಆಮದು ಕೋಟಾ 2004ರ ಕೊನೆಗೆ ಮುಗಿಯಿತು. ನಿಮ್ಮ ಕಡೆಯ ಫ್ಯಾಕ್ಟರಿಗಳಿಗೆ ಬಾಗಿಲು ತೆರೆದ ಅದೇ ಬದಲಾವಣೆ ನಡುವೆ ನಿಂತ ತಯಾರಕರಿಗೆ ಏಟಾಯಿತು. ಸ್ಟೈಲ್‌ಮನ್ ಅವರ ಹೆಣ್ಣುಮಕ್ಕಳು ಕಂಪನಿ ನಡೆಸಿ ನೋಡಿದರು. 2006ರಲ್ಲಿ ಅದು ಇಟಲಿಯ ರಾಡಿಚಿ ಗುಂಪಿನ ಪಾಲಾಯಿತು. 2009ರಲ್ಲಿ ಸ್ಟೈಲ್‌ಮನ್ ತೀರಿಕೊಂಡರು. ಅವರ ಹೆಸರಿನ ಕಂಪನಿ 2015ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಷೇರುಪೇಟೆಗೆ ಬಂತು, 2016ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದನ್ನು ನೋಡಲು ಅವರಿರಲಿಲ್ಲ.

ಯೂನಿಟ್ ಬೇಡ ಅಂತ ನಾನು ಹೇಳುತ್ತಿಲ್ಲ ಮಾರಾಯ. ಆ ದೊಡ್ಡ ಆರ್ಡರ್ ತಗೋ. ಅಡ್ವಾನ್ಸ್ ಕೊಡುವ ಮೊದಲು ಮೂರು ವಿಷಯ ಮಾತ್ರ ಕಾಗದದ ಮೇಲೆ ಬರೆಸಿಕೋ. ಬಟ್ಟೆ ಕತ್ತರಿಸುವ ಅಚ್ಚು, ಅಂದರೆ ಪ್ಯಾಟರ್ನ್, ಯಾರದ್ದಾಗಿ ಉಳಿಯುತ್ತದೆ? ಆರ್ಡರ್ ನಿಲ್ಲಿಸುವುದಾದರೆ ಎಷ್ಟು ತಿಂಗಳು ಮುಂಚೆ ತಿಳಿಸುತ್ತಾರೆ? ಎರಡು ಹೊಲಿಗೆ ಲೈನನ್ನಾದರೂ ಬೇರೆ ಬೈಯರ್‌ಗೆ ಓಡಿಸಲು ಅಡ್ಡಿ ಇದೆಯಾ? ನಿನ್ನ ಬೈಯರ್ ಏನು ಹೇಳಿದ ಅಂತ ಬರಿ.

ನಿನ್ನ ಗೆಳೆಯ