ಎಣಿಸಿದವರ ನೆನಪು: ಫಿಲಡೆಲ್ಫಿಯಾದಿಂದ ಮನೆಗೆ ಪತ್ರ

ತೀರ್ಥರೂಪು ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಮ್ಮ, "ಕಳ್ಳರು, ಕೊಲೆಗಾರರ ಬಗ್ಗೆ ಓದುತ್ತಲೇ ಆಯುಷ್ಯ ಕಳೆದವರನ್ನು ಈಗ ಯಾಕೆ ನೆನೆಯಬೇಕು?" ಎಂದು ಕೇಳಿದಳಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವುದು ಆಗದ ಮಾತು. ಆದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಅಪ್ಪ ಗಟ್ಟಿಯಾಗಿ ಓದಿ ಹೇಳಲಿ.

ಈ ಊರಿಗೆ ಸಂಬಂಧಪಟ್ಟ, ಈಗ ಬದುಕಿಲ್ಲದ ಅಪರಾಧಶಾಸ್ತ್ರಜ್ಞರ ಬಗ್ಗೆ ನಮ್ಮ ವಿಭಾಗ ಒಂದು ಸ್ಮರಣ ಸಂಚಿಕೆ ತರುತ್ತಿದೆ. ಕೆಲವರ ಜೀವನಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ಶ್ರದ್ಧಾಂಜಲಿ ಬರಹಗಳನ್ನೆಲ್ಲ ತೆಗೆದು ಓದುತ್ತಿದ್ದೇನೆ. ಹುಟ್ಟಿದ್ದು ಎಲ್ಲಿ, ಪದವಿ ಯಾವುದು, ಯಾವ ಸಂಘದ ಅಧ್ಯಕ್ಷರು, ಎಷ್ಟು ಪ್ರಶಸ್ತಿ ಎಂಬಲ್ಲಿಗೆ ಹೆಚ್ಚಿನವು ಮುಗಿಯುತ್ತವೆ. ಅವರು ಏನನ್ನು ಕಂಡುಕೊಂಡರು, ಅದನ್ನು ಬಾಯಿಬಿಟ್ಟು ಹೇಳಲು ಎಷ್ಟು ಎದೆಗಾರಿಕೆ ಬೇಕಾಯಿತು ಎಂಬುದು ಮಾತ್ರ ಕಾಣುವುದಿಲ್ಲ. ನನಗೆ ಬರೆಯಬೇಕೆನಿಸುವುದು ಅದನ್ನೇ.

ಮೊದಲು ಜೋನ್ ಮೆಕಾರ್ಡ್ ಅವರ ವಿಷಯ ಹೇಳುತ್ತೇನೆ. ಅಮ್ಮನಿಗೆ ಇವರು ಖಂಡಿತ ಹಿಡಿಸುತ್ತಾರೆ. 1930ರಲ್ಲಿ ಹುಟ್ಟಿದವರು. ಇಬ್ಬರು ಗಂಡುಮಕ್ಕಳನ್ನು ಸಾಕುತ್ತಲೇ ಓದು ಮುಂದುವರಿಸಿ, 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌.ಡಿ. ಮುಗಿಸಿದರು. ಆಮೇಲೆ ಈ ಊರಿಗೆ ಬಂದು ಮೊದಲು ಡ್ರೆಕ್ಸೆಲ್‌ನಲ್ಲಿ, 1987ರಿಂದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 2004ರಲ್ಲಿ ತೀರಿಕೊಂಡರು. ಅಮೆರಿಕದ ಅಪರಾಧಶಾಸ್ತ್ರ ಸಂಘಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಎಂದು ಎಲ್ಲರೂ ಬರೆಯುತ್ತಾರೆ. ಅದು ದೊಡ್ಡದೇ, ಆದರೆ ಅವರ ನಿಜವಾದ ಕೆಲಸ ಬೇರೆ.

ಬಾಸ್ಟನ್ ಬಳಿಯ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಎಂಬ ಊರುಗಳಲ್ಲಿ 1939ರಲ್ಲಿ ಒಂದು ಯೋಜನೆ ಶುರುವಾಯಿತು. ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬ ವೈದ್ಯರ ಕನಸು ಅದು. ಬಡ ಕೇರಿಗಳ ಹುಡುಗರು ದಾರಿ ತಪ್ಪುವ ಮೊದಲೇ ಅವರಿಗೆ ಆಸರೆಯಾಗಬೇಕು ಎಂಬುದು ಉದ್ದೇಶ. ವಯಸ್ಸು, ಮನೆ, ಸ್ವಭಾವ ಎಲ್ಲದರಲ್ಲೂ ಹೋಲುವ ಇಬ್ಬಿಬ್ಬರು ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಬ್ಬನನ್ನು ನೆರವಿನ ಗುಂಪಿಗೆ ಹಾಕಿದರು. ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ನೆರವು ಸಿಕ್ಕ ಹುಡುಗನ ಮನೆಗೆ ಸಲಹೆಗಾರರು ತಪ್ಪದೆ ಬರುತ್ತಿದ್ದರು. ಪಾಠ ಹೇಳಿಕೊಡುತ್ತಿದ್ದರು, ವೈದ್ಯರ ಬಳಿ ಕರೆದೊಯ್ಯುತ್ತಿದ್ದರು, ಬೇಸಿಗೆಯಲ್ಲಿ ಶಿಬಿರಗಳಿಗೆ ಕಳುಹಿಸುತ್ತಿದ್ದರು. ಸರಾಸರಿ ಐದೂವರೆ ವರ್ಷ ಹೀಗೆ ನಡೆಯಿತು. ಪ್ರತಿ ಭೇಟಿಯ ವಿವರವನ್ನೂ ಬರೆದಿಟ್ಟರು. ಆ ಕಡತಗಳನ್ನು ಯುವತಿ ಜೋನ್ 1950ರ ದಶಕದಲ್ಲೇ ಸಂಶೋಧನಾ ಸಹಾಯಕಿಯಾಗಿ ಕೂತು ಓದಿದ್ದರು.

ಯೋಜನೆ ಮುಗಿದು ಮೂವತ್ತು ವರ್ಷವಾದ ಮೇಲೆ ಅವರು ಆ 506 ಹುಡುಗರನ್ನು ಮತ್ತೆ ಹುಡುಕಲು ಹೊರಟರು. ಹುಡುಗರು ಆಗ ನಡುವಯಸ್ಸಿನ ಗಂಡಸರು. ನ್ಯಾಯಾಲಯ, ಆಸ್ಪತ್ರೆ, ಮರಣ ನೋಂದಣಿ ಎಂದು ಎಲ್ಲೆಲ್ಲಿ ದಾಖಲೆ ಇದ್ದೀತೋ ಅಲ್ಲೆಲ್ಲ ಹುಡುಕಿಸಿದರು. ನೆರವು ಪಡೆದವರಲ್ಲಿ ಹೆಚ್ಚಿನವರು, ಆ ಯೋಜನೆಯಿಂದ ನಮಗೆ ಒಳ್ಳೆಯದಾಯಿತು ಎಂದೇ ಹೇಳಿದರು. ಕೆಲವರು ತಮ್ಮ ಸಲಹೆಗಾರರನ್ನು ಪ್ರೀತಿಯಿಂದ ನೆನೆದರು. ದಾಖಲೆ ಮಾತ್ರ ಬೇರೆಯೇ ಹೇಳಿತು. ಒಂದಕ್ಕಿಂತ ಹೆಚ್ಚು ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಗಂಭೀರ ಮಾನಸಿಕ ಕಾಯಿಲೆಗೆ ತುತ್ತಾದವರು, ಚಿಕ್ಕ ವಯಸ್ಸಿನಲ್ಲೇ ಸತ್ತವರು ನೆರವು ಪಡೆದ ಗುಂಪಿನಲ್ಲೇ ಹೆಚ್ಚು. ನೆರವಿಲ್ಲದೆ ಬೆಳೆದವರ ಸ್ಥಿತಿಯೇ ಒಟ್ಟಿನಲ್ಲಿ ವಾಸಿ.

1978ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಎಷ್ಟು ಜನಕ್ಕೆ ನೋವಾಗಿರಬೇಕು ಎಂದು ಯೋಚಿಸಿ ನೋಡಿ. ಯಾರೂ ಲಂಚ ತಿಂದಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಒಳ್ಳೆಯ ಮನಸ್ಸಿನವರು ಮನಸಾರೆ ಮಾಡಿದ ಕೆಲಸವೇ ಹುಡುಗರಿಗೆ ಕೆಡುಕಾಗಿತ್ತು. ಮೆಕಾರ್ಡ್ ಅದನ್ನು ಮುಚ್ಚಿಡಲಿಲ್ಲ, ಮೆತ್ತಗೆಯೂ ಮಾಡಲಿಲ್ಲ. ಯಾಕೆ ಹೀಗಾಯಿತು ಎಂದು ಅದೇ ಕಡತಗಳನ್ನು ಕೊನೆಯವರೆಗೂ ಕೆದಕುತ್ತಿದ್ದರು. ಬೇಸಿಗೆ ಶಿಬಿರಗಳಿಗೆ ಮತ್ತೆ ಮತ್ತೆ ಹೋದ ಹುಡುಗರಿಗೇ ಕೆಡುಕು ಹೆಚ್ಚಾಗಿತ್ತು ಎಂಬುದು ಆಮೇಲೆ ಕಂಡಿತು. ತುಂಟ ಹುಡುಗರನ್ನು ಒಂದೇ ಕಡೆ ಸೇರಿಸಿದರೆ ಒಬ್ಬರಿಂದೊಬ್ಬರು ಏನು ಕಲಿಯುತ್ತಾರೆ ಎಂಬುದನ್ನು ಯಾರೂ ಮುಂಚೆ ಯೋಚಿಸಿರಲಿಲ್ಲ. ಔಷಧಿಯನ್ನು ರೋಗಿಗೆ ಕೊಡುವ ಮೊದಲು ಹೇಗೆ ಪರೀಕ್ಷಿಸುತ್ತೇವೋ, ಸಮಾಜಸೇವೆಯ ಯೋಜನೆಗಳನ್ನೂ ಹಾಗೆಯೇ ಪರೀಕ್ಷಿಸಬೇಕು ಎಂದು ಅವರು ಸಾಯುವವರೆಗೂ ವಾದಿಸಿದರು. ಇವತ್ತಿಗೂ ಎಷ್ಟೋ ಸರ್ಕಾರಗಳಿಗೆ ಈ ಮಾತು ಕಿವಿಗೆ ಬಿದ್ದಿಲ್ಲ ಎಂದು ನನಗೆ ಸಂಕಟವಾಗುತ್ತದೆ.

ಇನ್ನೊಬ್ಬರು ಡಬ್ಲ್ಯು.ಇ.ಬಿ. ಡುಬಾಯ್ಸ್. ಅಪ್ಪನಿಗೆ ಹೆಸರು ಗೊತ್ತಿರುತ್ತದೆ, ಕಪ್ಪುಜನರ ಹಕ್ಕಿಗಾಗಿ ಹೋರಾಡಿದವರು. ಸಂಚಿಕೆಯಲ್ಲಿ ಅವರು ಇರಬೇಕೋ ಬೇಡವೋ ಎಂದು ಇಲ್ಲಿ ಚರ್ಚೆಯಾಯಿತು. ಇರಲೇಬೇಕು ಎಂದು ಪಟ್ಟು ಹಿಡಿದವರಲ್ಲಿ ನಾನೂ ಒಬ್ಬಳು. 1896ರಲ್ಲಿ ಇಪ್ಪತ್ತೆಂಟರ ಹರೆಯದಲ್ಲಿ, ಹೊಸದಾಗಿ ಮದುವೆಯಾದ ಹೆಂಡತಿಯ ಜೊತೆ ಅವರು ಈ ಊರಿಗೆ ಬಂದರು. ಹಾರ್ವರ್ಡ್‌ನ ಪಿಎಚ್‌.ಡಿ. ಇದ್ದರೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರಿಗೆ ಕೊಟ್ಟದ್ದು ಸಹಾಯಕನ ಹುದ್ದೆ, ವರ್ಷಕ್ಕೆ 900 ಡಾಲರ್. ಪಾಠ ಮಾಡುವ ಅವಕಾಶ ಕೊಡಲಿಲ್ಲ. ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ತಮ್ಮ ಹೆಸರನ್ನೂ ಸೇರಿಸಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಊರಿನ ಕಪ್ಪುಜನರ ಬದುಕನ್ನು ಅಧ್ಯಯನ ಮಾಡುವುದು ಅವರಿಗೆ ವಹಿಸಿದ ಕೆಲಸ. ಏಳನೇ ವಾರ್ಡಿನಲ್ಲಿ ಕಪ್ಪುಜನರ ನಡುವೆಯೇ ಮನೆ ಮಾಡಿ, ಪ್ರಶ್ನಾವಳಿ ಹಿಡಿದು, ಸುಮಾರು 2,500 ಕುಟುಂಬಗಳ ಬಾಗಿಲು ತಟ್ಟಿ, ಕೂತು ಮಾತನಾಡಿಸಿದರು. ಬೇರೊಬ್ಬರನ್ನು ಕಳುಹಿಸಲಿಲ್ಲ, ಖುದ್ದಾಗಿ ಹೋದರು.

ಊರಿನ ದೊಡ್ಡವರಿಗೆ ಉತ್ತರ ಮೊದಲೇ ಗೊತ್ತಿತ್ತು: ಅಪರಾಧಕ್ಕೆಲ್ಲ ಕಪ್ಪುಜನರೇ ಕಾರಣ. ಡುಬಾಯ್ಸ್ 1899ರಲ್ಲಿ ಪ್ರಕಟಿಸಿದ ಅಧ್ಯಯನ ಹಾಗೆ ಹೇಳಲಿಲ್ಲ. ಅಪರಾಧವೇ ಇಲ್ಲ ಎಂದೂ ಹೇಳಲಿಲ್ಲ, ಅದು ಅವರ ಪ್ರಾಮಾಣಿಕತೆ. ಗುಲಾಮಗಿರಿಯ ಹಿನ್ನೆಲೆ, ಹಳ್ಳಿಯಿಂದ ನಗರಕ್ಕೆ ಬಂದ ಬದುಕು, ಬಣ್ಣ ನೋಡಿ ಕೆಲಸ ಕೊಡದ ಮಾಲೀಕರು, ಎಲ್ಲವನ್ನೂ ಒಂದೊಂದಾಗಿ ಎಣಿಸಿ ಮುಂದಿಟ್ಟರು. ಅದರಲ್ಲಿ ನಾನು ಗುರುತು ಹಾಕಿಟ್ಟುಕೊಂಡ ಒಂದು ಜಾಗವಿದೆ. ನ್ಯಾಯಾಲಯಗಳಲ್ಲಿ ಬಡವರಿಗಿಂತ ಶ್ರೀಮಂತರ ಕಡೆಗೆ, ಕಪ್ಪುಜನರಿಗಿಂತ ಬಿಳಿಯರ ಕಡೆಗೆ ಒಲವು ಇರುತ್ತದೆ. ಹಣ ದುರುಪಯೋಗ, ಖೋಟಾ ಸಹಿಯಂಥ ಅಪರಾಧಗಳ ಬಗ್ಗೆ ಈ ಊರು ಮೃದು, ಸಣ್ಣಪುಟ್ಟ ಕಳ್ಳತನದ ಮೇಲೆ ಮಾತ್ರ ಕಠಿಣ ಎಂಬ ಅರ್ಥದ ಮಾತು ಅಲ್ಲಿದೆ. 1963ರ ಆಗಸ್ಟ್ 27ರಂದು ಅವರು ದೂರದ ಘಾನಾದಲ್ಲಿ ತೀರಿಕೊಂಡರು. ಅಂದು ಪಾಠ ಮಾಡಲು ಬಿಡದ ವಿಶ್ವವಿದ್ಯಾಲಯ 2012ರಲ್ಲಿ ಅವರಿಗೆ ಗೌರವ ಪ್ರಾಧ್ಯಾಪಕ ಪದವಿ ಕೊಟ್ಟಿತು. ಕೊಟ್ಟದ್ದು ಸರಿ. ಆದರೆ ಬದುಕಿದ್ದಾಗ ಕೊಡದ ಮರ್ಯಾದೆಯ ಕಥೆಯನ್ನೂ ಜೊತೆಗೇ ಬರೆಯಬೇಕು ಎಂಬುದು ನನ್ನ ಹಟ.

ಡುಬಾಯ್ಸ್ ಒಂದೆರಡು ಸಾಲಿನಲ್ಲಿ ಹೇಳಿದ್ದನ್ನು ನಲವತ್ತು ವರ್ಷದ ನಂತರ ಇದೇ ಊರಿನಲ್ಲಿ ಇನ್ನೊಬ್ಬರು ವೇದಿಕೆಯ ಮೇಲೆ ನಿಂತು ವಿಸ್ತಾರವಾಗಿ ಹೇಳಿದರು. ಅವರು ಎಡ್ವಿನ್ ಸದರ್‌ಲ್ಯಾಂಡ್, ಇಂಡಿಯಾನಾ ವಿಶ್ವವಿದ್ಯಾಲಯದವರು. 1939ರ ಡಿಸೆಂಬರಿನಲ್ಲಿ ಸಮಾಜಶಾಸ್ತ್ರಜ್ಞರ ಸಮ್ಮೇಳನದ ಅಧ್ಯಕ್ಷ ಭಾಷಣ ಮಾಡಲು ಇಲ್ಲಿಗೆ ಬಂದಿದ್ದರು. ಬಡತನವೇ ಅಪರಾಧದ ತಾಯಿ ಎನ್ನುವವರು ಕಂಪನಿಗಳ ದೊಡ್ಡ ಮನುಷ್ಯರು ಮಾಡುವ ವಂಚನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಅಂದು ಹೇಳಿದರು. ಇಂಥ ದೊಡ್ಡ ಹುದ್ದೆಯವರ ಅಪರಾಧಕ್ಕೆ ವೈಟ್ ಕಾಲರ್ ಅಪರಾಧ ಎಂಬ ಮಾತು ಚಾಲ್ತಿಗೆ ಬಂದದ್ದು ಅಲ್ಲಿಂದ. ಆಮೇಲೆ 70 ದೊಡ್ಡ ಕಂಪನಿಗಳ ದಾಖಲೆ ತೆಗೆದು, ಅವುಗಳ ವಿರುದ್ಧ ನ್ಯಾಯಾಲಯಗಳೂ ಸರ್ಕಾರಿ ಮಂಡಳಿಗಳೂ ಕೊಟ್ಟ 980 ತೀರ್ಮಾನಗಳನ್ನು ಎಣಿಸಿದರು. 1949ರಲ್ಲಿ ಪುಸ್ತಕ ಅಚ್ಚಾಗುವಾಗ ಮಾನನಷ್ಟ ಮೊಕದ್ದಮೆಯ ಭಯಕ್ಕೆ ಕಂಪನಿಗಳ ಹೆಸರುಗಳನ್ನು ತೆಗೆಸಿದರು. ಮರುವರ್ಷವೇ ಅವರು ತೀರಿಕೊಂಡರು. ಹೆಸರುಗಳಿದ್ದ ಪೂರ್ಣ ಪ್ರತಿ ಹೊರಬಂದದ್ದು 1983ರಲ್ಲಿ. ಎರಡೂ ಪ್ರತಿಗಳನ್ನು ಗ್ರಂಥಾಲಯದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದೆ. ಹೊಸದರಲ್ಲಿ ಕಂಪನಿಯ ಹೆಸರು ಹೇಳಿ ಅದು ಮಾಡಿದ್ದನ್ನು ಬರೆದಿರುವ ಕಡೆ, ಹಳೆಯದರಲ್ಲಿ ಯಾರೆಂದು ತಿಳಿಯುವ ಹಾಗಿಲ್ಲ. ತಪ್ಪು ಅಲ್ಲೇ ಇದೆ, ತಪ್ಪಿತಸ್ಥನಿಲ್ಲ. ಓದುತ್ತಾ ನನಗೆ ಸಿಟ್ಟು ಬಂತು.

ಈಗ ಮಾರ್ವಿನ್ ವುಲ್ಫ್‌ಗ್ಯಾಂಗ್. ಇವರು ಪೆನ್ಸಿಲ್ವೇನಿಯಾ ರಾಜ್ಯದಲ್ಲೇ 1924ರಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಇಲ್ಲೇ ಓದಿ ಇಲ್ಲೇ ಪಾಠ ಮಾಡಿ 1998ರಲ್ಲಿ ತೀರಿಕೊಂಡವರು. ಅವರ ಹೆಸರು ಉಳಿದದ್ದು ಒಂದು ಎಣಿಕೆಯಿಂದ. 1945ರಲ್ಲಿ ಹುಟ್ಟಿ, ಹತ್ತರಿಂದ ಹದಿನೆಂಟನೆಯ ವಯಸ್ಸಿನವರೆಗೆ ಫಿಲಡೆಲ್ಫಿಯಾದಲ್ಲೇ ಬೆಳೆದ 9,945 ಹುಡುಗರ ಶಾಲಾ ದಾಖಲೆ, ಪೊಲೀಸ್ ದಾಖಲೆಗಳನ್ನು ತಂಡದೊಂದಿಗೆ ಜಾಲಾಡಿದರು. 3,475 ಹುಡುಗರು ಒಮ್ಮೆಯಾದರೂ ಪೊಲೀಸರ ದಾಖಲೆಗೆ ಸೇರಿದ್ದರು. ಐದು ಅಥವಾ ಹೆಚ್ಚು ಸಲ ಸೇರಿದವರು 627 ಮಾತ್ರ, ಆದರೆ ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವೇ. 1972ರಲ್ಲಿ ಇದು ಪ್ರಕಟವಾದದ್ದೇ ತಡ, ಆ ಕೆಲವರನ್ನು ಹಿಡಿದು ದೀರ್ಘಕಾಲ ಒಳಗೆ ಹಾಕಿದರೆ ಸಾಕು ಎನ್ನುವವರಿಗೆ ಒಂದು ಆಧಾರ ಸಿಕ್ಕ ಹಾಗಾಯಿತು. ಅದೇ ಪುಟಗಳಲ್ಲಿ ಇನ್ನೊಂದು ಸಂಗತಿಯಿದೆ: ಪೊಲೀಸರ ಕಣ್ಣಿಗೆ ಬಿದ್ದ ಹುಡುಗರಲ್ಲಿ ಸುಮಾರು ಶೇಕಡಾ 46 ಮಂದಿ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟಿದ್ದರು. ಯಾರ ಶಿಕ್ಷೆಯೂ ಬೇಕಾಗದೆ ತಾವಾಗಿ ತಿದ್ದಿಕೊಂಡವರು ಎಷ್ಟೋ ಜನ. ನನ್ನ ಬರಹದಲ್ಲಿ ಈ ಹುಡುಗರನ್ನು ಮೊದಲು ಹೇಳಿ, ಆ 627 ಮಂದಿಯನ್ನು ಆಮೇಲೆ ಹೇಳಬೇಕೆಂದಿದ್ದೇನೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಅತ್ಯಾಚಾರದ ಅಪರಾಧಕ್ಕೆ ಯಾರಿಗೆ ಮರಣದಂಡನೆ ಆಗುತ್ತಿತ್ತು ಎಂಬುದನ್ನೂ ಅವರು ಎಣಿಸಿದರು. ಆರೋಪಿ ಕಪ್ಪು, ಸಂತ್ರಸ್ತೆ ಬಿಳಿಯಳು ಆಗಿದ್ದರೆ ಗಲ್ಲಿನ ಸಾಧ್ಯತೆ ಉಳಿದೆಲ್ಲ ಪ್ರಕರಣಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅರ್ಕನ್ಸಾಸ್‌ನ ಒಬ್ಬ ಕೈದಿಯ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ಹೇಳಿದರು. 1968ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅಂಕಿಅಂಶವನ್ನು ಒಪ್ಪಲಿಲ್ಲ. ಆ ಕೈದಿ ಕೊನೆಗೆ ಬೇರೆ ಕಾರಣಗಳಿಂದ ಗಲ್ಲಿನಿಂದ ಪಾರಾದ ಎಂಬುದೊಂದು ಸಮಾಧಾನ.

ಆದರೆ ನನಗೆ ವುಲ್ಫ್‌ಗ್ಯಾಂಗ್ ಹತ್ತಿರವಾದದ್ದು ಅವರ ಒಂದು ಪುಟ್ಟ ಬರಹದಿಂದ. ಬಂದೂಕುಗಳನ್ನು ಅವರು ಕಡುವಾಗಿ ವಿರೋಧಿಸುತ್ತಿದ್ದರು. 1995ರಲ್ಲಿ ಬೇರೆ ಇಬ್ಬರು ವಿದ್ವಾಂಸರು, ಆತ್ಮರಕ್ಷಣೆಗೆ ಬಂದೂಕು ಉಪಯೋಗಕ್ಕೆ ಬರುತ್ತದೆ ಎಂದು ತೋರಿಸುವ ಅಧ್ಯಯನ ಪ್ರಕಟಿಸಿದರು. ವುಲ್ಫ್‌ಗ್ಯಾಂಗ್ ಅದನ್ನು ಓದಿ, ಈ ತೀರ್ಮಾನ ನನಗೆ ಇಷ್ಟವಿಲ್ಲ, ಆದರೆ ಅವರ ವಿಧಾನದಲ್ಲಿ ನನಗೆ ದೋಷ ಕಾಣುತ್ತಿಲ್ಲ ಎಂಬ ಅರ್ಥದಲ್ಲಿ ಬಹಿರಂಗವಾಗಿ ಬರೆದರು. ಆ ಅಧ್ಯಯನದ ಅಂಕಿಗಳನ್ನು ಬೇರೆಯವರು ಆಮೇಲೆ ಬಲವಾಗಿ ಪ್ರಶ್ನಿಸಿದರು, ಆ ವಾದ ಬೇರೆ. ಜೀವಮಾನದ ನಂಬಿಕೆಗೆ ಎದುರಾದದ್ದನ್ನು ಕಂಡು, ಎದುರಾಳಿಗೆ ಸಲ್ಲಬೇಕಾದ್ದನ್ನು ಹೀಗೆ ಸಲ್ಲಿಸುವವರು ಎಷ್ಟು ಜನ ಸಿಗುತ್ತಾರೆ ಅಪ್ಪ? ಅಮ್ಮನ ಪ್ರಶ್ನೆಗೆ ನನ್ನ ಉತ್ತರ ಇದೇ. ಇವರು ತಮಗೆ ಬೇಕಾದ ಉತ್ತರ ಬರಲಿ ಎಂದು ಎಣಿಸಿದವರಲ್ಲ, ಬಂದ ಉತ್ತರಕ್ಕೆ ತಲೆಬಾಗಿದವರು. ಒಂದು ದೇಶ ಯಾರನ್ನು ಜೈಲಿಗೆ ಹಾಕಬೇಕು, ಯಾರನ್ನು ಗಲ್ಲಿಗೇರಿಸಬೇಕು ಎಂದು ನಿರ್ಧರಿಸುವ ಕಡೆ ಅಂಥವರು ಇರದಿದ್ದರೆ ಬಡವರ ಗತಿಯೇನು?

ವುಲ್ಫ್‌ಗ್ಯಾಂಗ್ ಅವರ ಗುರು ಥಾರ್ಸ್ಟನ್ ಸೆಲಿನ್. ಸ್ವೀಡನ್ನಿನಲ್ಲಿ 1896ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಈ ಕಡೆ ಬಂದು, 97 ವರ್ಷ ಬಾಳಿ 1994ರಲ್ಲಿ ಹೋದರು. ಗಲ್ಲು ಶಿಕ್ಷೆ ಇರುವ ರಾಜ್ಯ ಮತ್ತು ಇಲ್ಲದ ನೆರೆರಾಜ್ಯಗಳ ಕೊಲೆ ಪ್ರಮಾಣವನ್ನು ಹೋಲಿಸಿ, ಗಲ್ಲಿನಿಂದ ಕೊಲೆ ಕಡಿಮೆಯಾಗುವ ಲಕ್ಷಣ ಕಾಣುತ್ತಿಲ್ಲ ಎಂದವರು. ಅಪ್ಪ, ಅವರ ಇನ್ನೊಂದು ಮಾತು ನಿಮ್ಮ ಕೆಲಸಕ್ಕೆ ನೇರವಾಗಿ ಸೇರಿದ್ದು. ಅಪರಾಧ ನಡೆದ ಜಾಗದಿಂದ ಕಾನೂನಿನ ಒಂದೊಂದೇ ಮೆಟ್ಟಿಲು ಮೇಲೆ ಹೋದ ಹಾಗೆಲ್ಲ ಅಂಕಿಅಂಶದ ಬೆಲೆ ಇಳಿಯುತ್ತದೆ ಎಂದು ಅವರು 1931ರಲ್ಲೇ ಬರೆದರು. ಪೊಲೀಸರಿಗೆ ತಿಳಿದ ಅಪರಾಧಗಳ ಲೆಕ್ಕಕ್ಕಿಂತ ಬಂಧನದ ಲೆಕ್ಕ, ಅದಕ್ಕಿಂತ ಶಿಕ್ಷೆಯ ಲೆಕ್ಕ, ಅದಕ್ಕಿಂತ ಜೈಲಿನಲ್ಲಿರುವವರ ಲೆಕ್ಕ ನಿಜದಿಂದ ದೂರ.

ನೀವು ನ್ಯಾಯಾಲಯದ ಶಿರಸ್ತೇದಾರರಾಗಿ ನಿವೃತ್ತರಾಗುವವರೆಗೆ ಆ ಮೆಟ್ಟಿಲುಗಳನ್ನೆಲ್ಲ ಕಣ್ಣಾರೆ ಕಂಡವರು. ಅದಕ್ಕೇ ಒಂದು ಕೋರಿಕೆ. ದೂರು ಎಫ್‌ಐಆರ್ ಆಗುವಾಗ, ಚಾರ್ಜ್‌ಶೀಟ್ ಬರುವಾಗ, ಸಾಕ್ಷಿಗಳು ತಿರುಗಿ ಬೀಳುವಾಗ, ರಾಜಿಯಾಗುವಾಗ, ಎಲ್ಲೆಲ್ಲಿ ಎಂಥ ಪ್ರಕರಣಗಳು ಕಳಚಿಕೊಳ್ಳುತ್ತಿದ್ದವು, ಕೊನೆಯವರೆಗೂ ಉಳಿಯುತ್ತಿದ್ದವರು ಯಾರು ಎಂಬುದನ್ನು ನೆನಪಿದ್ದಷ್ಟು ಬರೆದು ಕಳುಹಿಸಿ. ಯಾರ ಹೆಸರೂ ಬೇಡ. ಸೆಲಿನ್ ಬಗ್ಗೆ ಬರೆಯಲು ಕೂರುವ ಮೊದಲು ನಿಮ್ಮ ಬಾಯಿಂದ ಅದನ್ನು ಕೇಳಬೇಕು. ಮುಂದಿನ ತಿಂಗಳ ಕೊನೆಗೆ ಬರಹ ಒಪ್ಪಿಸಬೇಕಾಗಿರುವುದರಿಂದ ಆದಷ್ಟು ಬೇಗ ಬರೆಯಿರಿ.

ಅಮ್ಮ ಮಂಡಿನೋವಿನ ಮಾತ್ರೆ ತಪ್ಪಿಸದಿರಲಿ. ಹಿರಿಯರಿಗೆಲ್ಲ ನನ್ನ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು