ಅಕ್ಕನಿಗೆ, ಜೊತೆಗಿದ್ದ ಎಲ್ಲರಿಗೂ

ನಮ್ಮ ಹಳ್ಳಿಗಳ ತುರ್ತು ಪ್ರಥಮ ಚಿಕಿತ್ಸೆಯ ಸ್ವಯಂಸೇವಕರ ಮೊದಲ ತಂಡ ತರಬೇತಿ ಮುಗಿಸಿದೆ. ಎಲ್ಲರ ಹೆಗಲಿಗೂ ಈಗ ಒಂದೊಂದು ಕಿಟ್ ಬಂದಿದೆ. ಇದು ಹೇಗೆ ಶುರುವಾಯಿತು, ಎಲ್ಲೆಲ್ಲಿ ನಿಂತುಹೋಗಿತ್ತು ಅನ್ನೋದು ನಿಮಗೆ ಗೊತ್ತೇ ಇದೆ. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ.

ಶಾಲೆಯ ಕೋಣೆ ಬಿಟ್ಟುಕೊಟ್ಟವರು, ಅಭ್ಯಾಸದ ಬೊಂಬೆಗಳನ್ನು ಕೊಟ್ಟವರು, ರಜೆಯ ದಿನ ಬಂದು ಕಲಿಸಿದ ಆಂಬುಲೆನ್ಸ್ ಸಿಬ್ಬಂದಿ, ಹೊಲದ ಕೆಲಸವನ್ನು ತಾವೇ ನೋಡಿಕೊಂಡು ನಮ್ಮವರನ್ನು ಕಳಿಸಿಕೊಟ್ಟ ಮನೆಯವರು, ನಿಮಗೆಲ್ಲ ಮನಸಾರೆ ವಂದನೆಗಳು.

ಇನ್ನು ಉಳಿದದ್ದೆಲ್ಲ ನಮ್ಮ ನರ್ಸ್ ಅಕ್ಕನಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಅದಕ್ಕೆ ಅಕ್ಕ ಅಂತಲೇ ಬರೆಯುತ್ತೇನೆ.

ಹೃದಯ ನಿಂತವರ ಎದೆ ಒತ್ತುವ ಲೆಕ್ಕವನ್ನು ಯಾರಾದರೂ ಬಾಯಿಪಾಠ ಮಾಡಿಸಬಹುದು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ಅಕ್ಕ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲಕ್ಕೆ ಬರಬೇಕು, ಇಲ್ಲದಿದ್ದರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ ಅಂತ ಬೊಂಬೆಯ ಪಕ್ಕ ಮಂಡಿಯೂರಿ ತೋರಿಸುತ್ತಿದ್ದರು. ಸುಸ್ತು ಗೊತ್ತಾಗುವ ಮೊದಲೇ ಕೈಯ ಬಲ ಕುಗ್ಗಿರುತ್ತದೆ, ಅದಕ್ಕೇ 2 ನಿಮಿಷಕ್ಕೊಮ್ಮೆ ಜನ ಬದಲಾಗಬೇಕು. ಪ್ರಜ್ಞೆ ಇಲ್ಲದವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆದರೆ, ಉಸಿರಾಡ್ತಿದ್ದಾರೆ ಅಂತ ಸುಮ್ಮನಿರಬಾರದು, ಒತ್ತಲು ಶುರು ಮಾಡಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಸಾಗಿಸಬೇಕು. ಹಳೆಯ ನಂಬಿಕೆ ಬಿಡಿಸುವುದೇ ಹೊಸದನ್ನು ಕಲಿಸುವುದಕ್ಕಿಂತ ಜಾಸ್ತಿ ಕಷ್ಟ. ಅದನ್ನು ಅಕ್ಕ ಒಂದು ಸಲವೂ ದನಿ ಏರಿಸದೆ ಮಾಡಿದರು.

ಆದರೂ ನಾನು ಹೇಳಬೇಕಾಗಿರುವುದು ಆ ರಾತ್ರಿಯ ಬಗ್ಗೆ.

ನಮ್ಮ ಹುಡುಗನೊಬ್ಬ ಮೊದಲ ಸಲ ನಿಜವಾದ ಕರೆಗೆ ಓಡಿದ್ದ. ಹೃದಯ ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಅಷ್ಟರೊಳಗೆ ಆಂಬುಲೆನ್ಸ್ ಹಳ್ಳಿ ಮುಟ್ಟುವುದಿಲ್ಲ. ಅದಕ್ಕೇ ಅಲ್ವಾ ನಾವು ಇಷ್ಟೆಲ್ಲ ಮಾಡಿದ್ದು? ಅವನು ಹೊತ್ತಿಗೆ ಸರಿಯಾಗಿ ತಲುಪಿದ್ದ. ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದ್ದ. ಆದರೂ ಆ ಜೀವ ಉಳಿಯಲಿಲ್ಲ.

ಇನ್ನೂ ಜೋರಾಗಿ ಒತ್ತಬೇಕಿತ್ತಾ ಅಂತ ಅವನು ಕೇಳುತ್ತಲೇ ಇದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗೆ ಹೋಗಿ ಅತ್ತೆ. ಇದೆಲ್ಲ ಇಲ್ಲಿಗೇ ಸಾಕು, ಈ ಮಕ್ಕಳಿಗೆ ಈ ಭಾರ ಬೇಡ ಅನಿಸಿತ್ತು.

ಡ್ಯೂಟಿ ಮುಗಿಸಿ ಆಗಷ್ಟೇ ಮನೆ ಸೇರಿದ್ದ ಅಕ್ಕ ಬಂದರು. ಬಿಟ್ಟುಬಿಡು, ಮರೆತುಬಿಡು ಅನ್ನಲಿಲ್ಲ. ಅವನ ಎದುರು ನೆಲದ ಮೇಲೆ ಕೂತು ಮೊದಲಿನಿಂದ ಹೇಳು ಅಂದರು. ಕರೆದು ನೋಡಿದೆಯಾ? ಉಸಿರು ನೋಡಿದೆಯಾ? ಒತ್ತೋಕೆ ಶುರು ಮಾಡಿದ್ದು ಯಾವಾಗ? ಸುಸ್ತಾದಾಗ ನಿನ್ನ ಬದಲು ಯಾರು ಒತ್ತಿದರು? ಒಂದೊಂದು ಉತ್ತರಕ್ಕೂ "ಸರಿ" ಅಂದರು. ಎಲ್ಲ ಮುಗಿದ ಮೇಲೆ, "ನೀನು ಮಾಡಬೇಕಾದ್ದೆಲ್ಲ ಮಾಡಿದ್ದೀಯ. ಆದರೂ ಅವರು ಹೋದರು. ಎರಡೂ ನಿಜ ಕಣೋ" ಅಂದರು. ಅವನು ಆಗ ಅತ್ತ. ಬೆಳಗಾಗುವ ತನಕ ಅಕ್ಕ ಎದ್ದು ಹೋಗಲಿಲ್ಲ. ಆಮೇಲೆ ಎಷ್ಟೋ ವಾರ ಫೋನ್ ಮಾಡಿ ನಿದ್ದೆ ಬರುತ್ತಾ, ಊಟ ಮಾಡ್ತಿದ್ದೀಯಾ ಅಂತ ವಿಚಾರಿಸುತ್ತಿದ್ದರು.

ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಉಳಿಯುವವರು ಕಡಿಮೆ, ಎಲ್ಲವನ್ನೂ ಸರಿಯಾಗಿ ಮಾಡಿದರೂ ಕಡಿಮೆ. ಏನೂ ಮಾಡದಿದ್ದರೆ ಆ ಅವಕಾಶವೂ ನಿಮಿಷ ನಿಮಿಷಕ್ಕೂ ಕರಗುತ್ತದೆ. ಇದನ್ನು ಮೊದಲ ದಿನವೇ ಹೇಳಬೇಕು ಅಂತ ಅಕ್ಕ ಹಟ ಹಿಡಿದರು. ಈಗ ಹಾಗೇ ಮಾಡುತ್ತೇವೆ. ಪ್ರತಿ ಕರೆ ಮುಗಿದ ಮೇಲೂ, ಹೋಗಿ ಬಂದ ಸ್ವಯಂಸೇವಕರ ಜೊತೆ ಒಬ್ಬರು ಕೂತು ಮಾತಾಡಲೇಬೇಕು ಅನ್ನುವುದು ನಮ್ಮ ನಿಯಮ. ಇಂಥ ತಂಡ ಕಟ್ಟುವವರೆಲ್ಲ ಕಿಟ್ ಕೊಳ್ಳುವ ಮೊದಲೇ ಇದಕ್ಕೆ ಒಬ್ಬರನ್ನು ಹುಡುಕಿಟ್ಟುಕೊಳ್ಳಿ ಅಂತ ನನ್ನ ಕಳಕಳಿಯ ಮನವಿ.

ಆ ಹುಡುಗ ತಂಡ ಬಿಡಲಿಲ್ಲ. ಈಗ ಹೊಸಬರಿಗೆ ಬೊಂಬೆಯ ಮೇಲೆ ಅವನೇ ಹೇಳಿಕೊಡುತ್ತಾನೆ.

ಕೈ ಕಲಿತದ್ದು ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಎಲ್ಲರೂ ಮತ್ತೆ ಅಭ್ಯಾಸಕ್ಕೆ ಸೇರುತ್ತೇವೆ, ಯಾರೂ ತಪ್ಪಿಸಬೇಡಿ. ಅಕ್ಕಾ, ಮೊದಲ ಸಲದ ಪಾಠ ನೀವೇ ಮಾಡಬೇಕು. ನಿಮ್ಮ ಡ್ಯೂಟಿ ನೋಡಿಕೊಂಡು ದಿನ ಹೇಳಿ, ನಾವು ಬರುತ್ತೇವೆ.